ನೀನು ಹಾಕದ ಸಹಿ

ಡ್ಯಾನ್‌ವಿಲ್
ಮೇ ೨೪, ೨೦೨೬, ಭಾನುವಾರ ಮಧ್ಯಾಹ್ನ

ಪ್ರೀತಿಯ ಬಿಂದೂ,

ಹೇಗಿದ್ದೀಯ? ನಿನ್ನಕ್ಕ ಗೌರಮ್ಮನವರ ಮಂಡಿ ಈಗ ಎಷ್ಟು ಮಡಚಲು ಬರುತ್ತಿದೆ? ಫಿಸಿಯೋಥೆರಪಿಯ ಹುಡುಗಿ ಗೇಟು ತೆಗೆದ ಸದ್ದಾದರೆ ಸಾಕು, ಅವರು ಜಪಸರ ಹಿಡಿದು ಕಣ್ಣು ಮುಚ್ಚಿಕೊಳ್ಳುತ್ತಾರೆ ಎಂದು ನೀನು ಹೇಳಿದ್ದನ್ನು ನೆನೆದು ಇಲ್ಲಿ ಒಬ್ಬನೇ ನಕ್ಕೆ. ಆಪರೇಷನ್ ಆಗಿ ಆರು ವಾರವಾಯಿತು, ಇನ್ನು ಆ ನಾಟಕ ನಡೆಯಲು ಬಿಡಬೇಡ. ನಿನ್ನ ಬೆನ್ನು ಹೇಗಿದೆ? ಅವರನ್ನು ಎಬ್ಬಿಸಿ ಕೂರಿಸಿ ಕೊನೆಗೆ ನೀನೇ ಮಲಗುವಂತೆ ಆಗದಿರಲಿ. ನಾನು ಆರೋಗ್ಯವಾಗಿದ್ದೇನೆ. ನೀನು ಚೀಟಿ ಅಂಟಿಸಿ ಫ್ರೀಜರಿನಲ್ಲಿಟ್ಟು ಹೋದ ಡಬ್ಬಿಗಳಲ್ಲಿ ಹುಳಿ ಮುಗಿಯಿತು, ಬಸ್ಸಾರು ಇನ್ನೂ ಎರಡಿವೆ. ಕರಿಬೇವಿನ ಗಿಡಕ್ಕೆ ದಿನವೂ ನೀರು ಹಾಕುತ್ತಿದ್ದೇನೆ. ಆದರೂ ಅದು ಯಜಮಾನಿ ಎಲ್ಲಿ ಎಂದು ಕೇಳುವ ಹಾಗೆ ಮುಖ ಬಾಡಿಸಿಕೊಂಡಿದೆ.

ದಿನಾ ಫೋನಿನಲ್ಲಿ ಮಾತಾಡುವ ಗಂಡ ಇದ್ದಕ್ಕಿದ್ದ ಹಾಗೆ ಕಾಗದ ಏಕೆ ಬರೆದ ಎಂದು ನಿನಗೆ ಗಾಬರಿಯಾಗಬಹುದು. ಗುರುಪ್ರಸಾದನ ಹೆಂಡತಿ ಪದ್ಮಜಾ ಇವತ್ತು ರಾತ್ರಿಯ ವಿಮಾನಕ್ಕೆ ಹೊರಟಿದ್ದಾರೆ, ಬುಧವಾರ ಮೈಸೂರಿಗೆ ಬಂದು ಗೌರಮ್ಮನವರ ವಿಟಮಿನ್ ಮಾತ್ರೆ, ಬಾದಾಮಿ ಎಲ್ಲ ತಲುಪಿಸುತ್ತಾರೆ. ಅದರ ಜೊತೆ ಇದನ್ನೂ ಇಟ್ಟಿದ್ದೇನೆ. ಪದ್ಮಜಾ ಅವರ ಕುತೂಹಲ ನಿನಗೆ ಗೊತ್ತೇ ಇದೆ, ಅದಕ್ಕೇ ಎರಡು ಸುತ್ತು ಟೇಪು. ಫೋನಿನಲ್ಲಿ ಹೇಳಬೇಕೆಂದು ಈ ವಾರದಲ್ಲಿ ಮೂರು ಸಲ ಬಾಯಿ ತೆರೆದೆ. ಮೂರು ಸಲವೂ ಗೌರಮ್ಮನವರ ಮಂಡಿಯ ವಿಷಯ ಕೇಳಿ ಇಟ್ಟುಬಿಟ್ಟೆ. ಶುಕ್ರವಾರ ನೀನು ವಿಮಾನ ಹತ್ತುವ ಮೊದಲೇ ಇದು ನಿನಗೆ ತಿಳಿಯಬೇಕು, ಮನೆಗೆ ಬಂದು ಫ್ರಿಜ್ಜಿನ ಮೇಲೆ ಕೈಯಾಡಿಸಿದಾಗ ಅಲ್ಲ.

ಬಿಂದೂ, ಅಂಚೆಯಲ್ಲಿ ಬಂದ ನಿನ್ನ ಬ್ಯಾಲಟ್ಟಿನ ಲಕೋಟೆ ಫ್ರಿಜ್ಜಿನ ಮೇಲೆ ಇಲ್ಲ. ಅದನ್ನು ಒಡೆದು, ನಾನೇ ತುಂಬಿ, ನಿನ್ನ ಸಹಿ ಹಾಕಿ, ಲೈಬ್ರರಿಯ ಮುಂದಿನ ಮತಪೆಟ್ಟಿಗೆಗೆ ಹಾಕಿ ಎರಡು ವಾರವಾಯಿತು. ವೋಟು ಹಾಕಿದ್ದು ಅಭಿರಾಮನಿಗೆ. ನಿನ್ನ ಮಾರಿಸೆಲ್‌ಗಲ್ಲ.

ಬರೆದುಬಿಟ್ಟೆ. ಬರೆದ ಮೇಲೆ ಎದ್ದು ಹೋಗಿ ನೀರು ಕುಡಿದು ಬಂದೆ. ಹೊರಡುವ ದಿನ ಬಾಗಿಲಲ್ಲಿ ನಿಂತು, ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡೇ ನೀನು ಹೇಳಿದ್ದು ಕಿವಿಯಲ್ಲಿ ಹಾಗೇ ಇದೆ. “ರೀ, ಈ ಸಲ ನಂದು ನಾನೇ ಹಾಕ್ತೀನಿ. ಮೂವತ್ತನೇ ತಾರೀಖು ಬಂದ್ಬಿಡ್ತೀನಲ್ಲ, ಕವರ್ ತೆಗೆದಿಡಿ ಅಷ್ಟೆ. ಮುಟ್ಟೋಕ್ ಹೋಗ್ಬೇಡಿ.” ಈ ದೇಶದಲ್ಲಿ ಇಪ್ಪತ್ತಾರು ವರ್ಷಗಳಲ್ಲಿ ನೀನು ನನಗೆ ಮುಟ್ಟಬೇಡಿ ಎಂದು ಹೇಳಿದ ಕಾಗದ ಅದೊಂದೇ.

ಜೂನ್ ಎರಡರ ಈ ಪ್ರೈಮರಿ, ಈ ಮೊದಲ ಸುತ್ತಿನ ಮತದಾನ, ಇಲ್ಲಿ ಎಲ್ಲರ ತಲೆ ಕೆಡಿಸಿದೆ. ಎದುರು ಪಕ್ಷದವರ ಜೊತೆ ಜಗಳವಾಗಿದ್ದರೆ ಅದೊಂದು ಮಾತು. ಅಭಿರಾಮನೂ ನಮ್ಮ ಪಕ್ಷ, ಮಾರಿಸೆಲ್ಲೂ ನಮ್ಮ ಪಕ್ಷ. ಮೊದಲ ಎರಡು ಸ್ಥಾನದವರು ನವೆಂಬರಿನ ಚುನಾವಣೆಗೆ ಹೋಗುತ್ತಾರೆ, ಒಂದು ಸ್ಥಾನ ಹೇಗೂ ಎದುರು ಪಕ್ಷದವನ ಪಾಲು, ಉಳಿದ ಒಂದಕ್ಕೆ ನಮ್ಮವರೇ ಇಬ್ಬರು ಜುಟ್ಟು ಹಿಡಿದುಕೊಂಡು ನಿಂತಿದ್ದಾರೆ. ಅಂಚೆ ಡಬ್ಬಿಯಲ್ಲಿ ದಿನಕ್ಕೆ ಮೂರು ಬಣ್ಣದ ಕಾರ್ಡು. ಒಂದರಲ್ಲಿ ಅಭಿರಾಮನ ಮುಖವನ್ನು ಇದ್ದದ್ದಕ್ಕಿಂತ ಎರಡು ಪಟ್ಟು ಕಪ್ಪು ಮಾಡಿ, ಇವನು ನಿಮ್ಮವನೇ ಎಂದು ಕೇಳಿದ್ದರು. ಇನ್ನೊಂದರಲ್ಲಿ ಓಕ್ಲ್ಯಾಂಡಿನ ಆಸ್ಪತ್ರೆಯಲ್ಲಿ ನರ್ಸಾಗಿರುವ ಮಾರಿಸೆಲ್ ರೋಗಿಗಳನ್ನು ಬಿಟ್ಟು ಮೆರವಣಿಗೆಗೆ ಓಡುತ್ತಾಳೆ ಎಂದು ಬರೆದಿದ್ದರು. ಮೊದಲನೆಯದನ್ನು ನೋಡಿ ನಾನು ಮೂರು ದಿನ ಕುದ್ದೆ. ಎರಡನೆಯದು ನಿಜವೋ ಸುಳ್ಳೋ ಎಂದು ವಿಚಾರಿಸದೆ ಫೋಟೋ ತೆಗೆದು ನಮ್ಮ ಕನ್ನಡದವರ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಆಗಲೇ ನಾನು ಎಂಥವನಾಗಿದ್ದೆ ನೋಡು.

ಆ ಗ್ರೂಪಿನಲ್ಲಿ ನನಗೊಂದು ಪದವಿ ಬೇರೆ ಸಿಕ್ಕಿತ್ತು. ಅಭಿರಾಮನ ಪರವಾಗಿ ಡ್ಯಾನ್‌ವಿಲ್, ಸ್ಯಾನ್ ರಮೋನ್ ಕಡೆಯ ಕನ್ನಡದ ಮನೆಗಳ ಪಟ್ಟಿ ನೋಡಿಕೊಳ್ಳುವುದು ನನ್ನ ಕೆಲಸ. ಪ್ರತಿ ಮನೆಯ ಎದುರು ಎಷ್ಟು ವೋಟು, ಎಷ್ಟು ಹಾಕಿಯಾಯಿತು ಎಂದು ಹಸಿರು ಗುರುತು. ಮೂವತ್ತು ವರ್ಷ ಕಂಪ್ಯೂಟರ್ ಚಿಪ್ಪುಗಳ ದೋಷ ಹುಡುಕಿ ರಿಟೈರಾದವನಿಗೆ ಮತ್ತೆ ಒಂದು ಪಟ್ಟಿ ಸಿಕ್ಕಿತಲ್ಲ, ಎರಡು ವರ್ಷದಿಂದ ಬಾರದ ಹುರುಪು ಬಂತು. ನಮ್ಮ ಹುಡುಗ ಗೆಲ್ಲಬೇಕು ಎನ್ನುವ ಆಸೆಯೂ ಸುಳ್ಳಲ್ಲ. ಮೈಸೂರಿನ ಮೇಷ್ಟರ ಮೊಮ್ಮಗ ಇಲ್ಲಿನ ಶಾಸನಸಭೆಯಲ್ಲಿ ಕೂರುತ್ತಾನೆ ಎಂದರೆ ನನಗೆ ಎದೆಯುಬ್ಬುತ್ತಿತ್ತು. ಆದರೆ ಹುರುಪಿನಲ್ಲಿ ಏನು ಬರೆದೆನೋ ಅದನ್ನು ಮಾತ್ರ ಮರೆಯಲು ಆಗುತ್ತಿಲ್ಲ. ಮಾರಿಸೆಲ್‌ಗೆ ಬೆಂಬಲ ಯಾರದು ಎಂದು ಯಾರೋ ಕೇಳಿದರು. ನಾನು ಬರೆದೆ: ಡೇಕೇರಿನಲ್ಲಿ ಮಕ್ಕಳ ಮೂಗು ಒರೆಸುವವರಿಗೆಲ್ಲ ರಾಜಕೀಯ ಏನು ತಿಳಿಯುತ್ತದೆ, ಬಿಡಿ. ಹನ್ನೆರಡು ಜನ ನಗುವ ಮುಖ ಹಾಕಿದರು. ಕೆಳಗೆ ಸಣ್ಣ ಬೂದು ಅಕ್ಷರದಲ್ಲಿ ಒಂದು ಸಾಲು ಬಂತು. ಬಿಂದುಶ್ರೀ ಲೆಫ್ಟ್.

ಹನ್ನೊಂದು ವರ್ಷದಿಂದ ನೀನು ಆ ಡೇಕೇರಿಗೆ ಬೆಳಗ್ಗೆ ಏಳಕ್ಕೆ ಹೋಗುತ್ತಿದ್ದೀಯ. ಗ್ರೂಪು ಬಿಟ್ಟ ಆ ಸಂಜೆ ನೀನು ಅಡುಗೆಮನೆಯಲ್ಲೇ ಇದ್ದೆ, ನಾನು ಹಾಲಿನಲ್ಲಿದ್ದೆ. ಏಕೆ ಬಿಟ್ಟೆ ಎಂದು ನಾನು ಕೇಳಲಿಲ್ಲ. ನೀನು ಊಟಕ್ಕೆ ಕರೆದೆ, ಬಡಿಸಿದೆ, ಮಾರನೆಯ ದಿನ ಸೂಟ್‌ಕೇಸು ಕಟ್ಟಿದೆ. ಪ್ಯಾಕಿಂಗ್ ಗಡಿಬಿಡಿಯಲ್ಲಿ ಗ್ರೂಪಿನ ಸದ್ದು ಜಾಸ್ತಿಯಾಗಿ ಬಿಟ್ಟಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ನನಗೆ ಚೆನ್ನಾಗಿ ಗೊತ್ತಿತ್ತು ಬಿಂದೂ, ನಾಟಕ ಮಾಡಿದೆ.

ಮಾರಿಸೆಲ್ ನಿಮ್ಮ ಡೇಕೇರಿಗೆ ಬಂದ ದಿನ ನೀನು ಮನೆಗೆ ಬಂದು ಮಾತಾಡಿದ ಉತ್ಸಾಹವನ್ನು ನಾನು ಹಿಂದೆ ನೋಡಿರಲಿಲ್ಲ. ಅವಳು ಮಕ್ಕಳ ಕುಳ್ಳು ಕುರ್ಚಿಯ ಮೇಲೆ ಕೂತಳಂತೆ, ಒಬ್ಬ ಟೀಚರಿಗೆ ಎಷ್ಟು ಮಕ್ಕಳಿದ್ದರೆ ಸರಿ ಎಂದು ನಿನ್ನನ್ನು ಕೇಳಿದಳಂತೆ, ನೀನು ಹೇಳಿದ್ದನ್ನು ಪುಸ್ತಕದಲ್ಲಿ ಬರೆದುಕೊಂಡಳಂತೆ. “ನನ್ನ ಅಭಿಪ್ರಾಯ ಕೇಳಿದ್ರು ಕಣ್ರೀ, ಬರ್ಕೊಂಡ್ರು,” ಎಂದು ನೀನು ಎರಡು ಸಲ ಹೇಳಿದೆ. ನಾನು ಟಿವಿಯ ಸದ್ದು ಕಡಿಮೆ ಮಾಡದೆ, ವೋಟಿಗೋಸ್ಕರ ಎಲ್ಲರೂ ಕೇಳುತ್ತಾರೆ ಎಂದೆ. ಅಭಿರಾಮ ನಮ್ಮ ಮೀಟಿಂಗಿಗೆ ಬಂದಾಗ ನನ್ನ ಕೈಕುಲುಕಿ “ಥ್ಯಾಂಕ್ಯೂ ಅಂಕಲ್” ಎಂದು ಮುಂದೆ ಹೋದ. ನನ್ನನ್ನು ಏನೂ ಕೇಳಲಿಲ್ಲ. ಅದು ನನಗೆ ಈಗ ನೆನಪಾಗುತ್ತಿದೆ.

ಇನ್ನು ಆ ಕೆಲಸ ಮಾಡಿದ ದಿನದ ಮಾತು. ಮೇ ಒಂಬತ್ತು, ಶನಿವಾರ, ಲಿವರ್‌ಮೋರ್ ದೇವಸ್ಥಾನಕ್ಕೆ ಹೋಗಿದ್ದೆ. ಪೂಜೆ ಮುಗಿಸಿ ಕೆಳಗೆ ಊಟದ ಹಾಲಿನಲ್ಲಿ ಪುಳಿಯೋಗರೆ ತಟ್ಟೆ ಹಿಡಿದು ಕೂತಿದ್ದೆವು. ಗುರುಪ್ರಸಾದ ಫೋನು ತೆಗೆದು ನನ್ನದೇ ಪಟ್ಟಿಯನ್ನು ಎಲ್ಲರ ಮುಂದೆ ಹಿಡಿದ. “ಏನ್ ಮುನಿರಾಜಣ್ಣ, ಊರಿಗೆಲ್ಲ ಫೋನ್ ಮಾಡಿ ಗದರ್ತೀರ, ನಿಮ್ಮನೇಲೇ ಎರಡರಲ್ಲಿ ಒಂದೇ ಟಿಕ್ಕು? ಅತ್ತಿಗೆ ಪಾರ್ಟಿ ಬದಲಾಯಿಸ್ಬಿಟ್ರಾ?” ಅವನು ತಮಾಷೆಗೇ ಹೇಳಿದ್ದು. ಆದರೆ ಎಲ್ಲರೂ ನಕ್ಕರು, ನನ್ನ ಕಿವಿ ಬಿಸಿಯಾಯಿತು. ಹೆಂಡತಿಯ ವೋಟು ಇವನ ಕೈಯಲ್ಲಿಲ್ಲ ಎಂದು ನಾಲ್ಕು ಜನರಿಗೆ ಗೊತ್ತಾಯಿತಲ್ಲ ಎಂಬ ಅವಮಾನ. ಎಂಥ ಹುಚ್ಚು ನೋಡು, ಅವಮಾನ ಆಗಬೇಕಾಗಿದ್ದು ಯಾವುದಕ್ಕೆ, ಆಗಿದ್ದು ಯಾವುದಕ್ಕೆ!

ಮಾರನೆಯ ದಿನ ಬೆಳಗ್ಗೆ ಕಾಫಿ ಕುಡಿದು ಊಟದ ಮೇಜಿನ ಮೇಲೆ ನಿನ್ನ ಲಕೋಟೆ ಒಡೆದೆ. ಕೈ ನಡುಗಿತು ಎಂದು ಬರೆದರೆ ಸುಳ್ಳಾಗುತ್ತದೆ. ನಡುಗಲಿಲ್ಲ. ನಿನ್ನ ಗ್ರೀನ್‌ಕಾರ್ಡು, ಪಾಸ್‌ಪೋರ್ಟು, ಟ್ಯಾಕ್ಸು, ಮಗಳು ನಿಹಾರಿಕಾಳ ಸ್ಕೂಲಿನ ಫಾರಮ್ಮುಗಳು, ಇಷ್ಟು ವರ್ಷ ನಿನ್ನ ಹೆಸರಿನ ಕಾಗದವನ್ನೆಲ್ಲ ತುಂಬಿದ ಕೈ ಅದು. ಹಿಂದಿನ ಚುನಾವಣೆಗಳಲ್ಲೂ “ನೀವೇ ಹಾಕ್ಬಿಡ್ರೀ, ನನಗೆ ಇವರ್ಯಾರೂ ಗೊತ್ತಿಲ್ಲ” ಎಂದು ಹೇಳಿ ನೀನು ಒಗ್ಗರಣೆಗೆ ಹೋಗುತ್ತಿದ್ದೆ. ಅಭ್ಯಾಸದಂತೆ ಹೆಸರುಗಳ ಪಕ್ಕದ ಸೊನ್ನೆಗಳನ್ನು ಕಪ್ಪು ಮಾಡುತ್ತ ಹೋದೆ, ಲಕೋಟೆಯ ಹಿಂದೆ ನಿನ್ನ ಸಹಿ ಎಳೆದೆ, ನಡೆದುಕೊಂಡು ಹೋಗಿ ಪೆಟ್ಟಿಗೆಗೆ ಹಾಕಿ ಬಂದು ಪಟ್ಟಿಯಲ್ಲಿ ಎರಡನೆಯ ಹಸಿರು ಗುರುತು ಹಾಕಿದೆ. ಗುರುಪ್ರಸಾದ ಚಪ್ಪಾಳೆ ಕಳಿಸಿದ. ಒಂದು ವಾರ ಚೆನ್ನಾಗಿ ಊಟ ಮಾಡಿ ನಿದ್ದೆಯನ್ನೂ ಮಾಡಿದೆ. ಅದನ್ನು ನೆನೆಸಿಕೊಂಡರೆ ಈಗ ಹೆಚ್ಚು ನಾಚಿಕೆ.

ಕಣ್ಣು ತೆರೆಸಿದ್ದು ಕಾಶವ್ವ. ಸ್ಯಾನ್ ರಮೋನಿನ ಸೀನಿಯರ್ ಅಪಾರ್ಟ್‌ಮೆಂಟಿನಲ್ಲಿರುವ ವಿಜಯಪುರದ ಅಜ್ಜಿ, ಯುಗಾದಿಗೆ ನಿನಗೆ ಶೇಂಗಾ ಹೋಳಿಗೆ ಕೊಡುತ್ತಾರಲ್ಲ, ಅವರೇ. ಎಂಬತ್ತು ದಾಟಿದೆ, ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ, ಹೋಗಿ ಸಹಾಯ ಮಾಡಿ ಲಕೋಟೆ ತಂದುಬಿಡೋಣ ಎಂದು ಹದಿನಾರನೇ ತಾರೀಖು ಹೋದೆ. ಕರಿ ಶಾಯಿಯ ಪೆನ್ನು ಜೇಬಿನಲ್ಲೇ ಇತ್ತು. ಕಾಶವ್ವ ಚಹಾ ಕೊಟ್ಟರು, ಪೆನ್ನನ್ನು ನೋಡಿದರು. “ಪೆನ್ನ ಹಿಡ್ಕೊಂಡ ಬಂದೀಯಲ್ಲೋ ತಮ್ಮಾ, ನನ್ನ ವೋಟ ನೀ ಹಾಕಾಂವೇನ?” ಎಂದರು. ಇಂಗ್ಲಿಷ್ ಹೆಸರುಗಳು ಓದಲು ಕಷ್ಟವಾಗುತ್ತದೆ ಎಂದು ನಾನು ತೊದಲಿದೆ. “ಮೊಮ್ಮಗಳು ಸ್ನೇಹಲ್ ಎಲ್ಲಾ ಓದಿ ಹೇಳ್ಯಾಳ. ನಾನೂ ಸಾಲಿಗಿ ಹೋಗೀನಿ. ನೀ ಹೊರಗ ಕುಂದರ ಹೋಗು, ಬಾಗಲಾ ಮುಂದ ಮಾಡು,” ಎಂದರು. ನಾನು ಬಾಗಿಲೆಳೆದುಕೊಂಡು, ಚಹಾದ ಕಪ್ಪು ಹಿಡಿದು ಹೊರಗೆ ಮೆಟ್ಟಿಲ ಮೇಲೆ ಕೂತೆ. ಒಳಗಿನಿಂದ ಕಾಗದ ಮಗುಚುವ ಸದ್ದು ಕೇಳುತ್ತಿತ್ತು. ಇಪ್ಪತ್ತು ನಿಮಿಷವಾಯಿತು. ಪಕ್ಕದ ಮನೆಯ ಚೀನೀ ಮುದುಕ ಗಿಡಕ್ಕೆ ನೀರು ಹಾಕುತ್ತ ನನ್ನನ್ನೇ ನೋಡಿದ. ಒಬ್ಬರು ವೋಟು ಹಾಕುವಾಗ ಇನ್ನೊಬ್ಬರು ಬಾಗಿಲ ಹೊರಗೆ ಕೂರಬೇಕು ಎನ್ನುವುದು, ಬಿಂದೂ, ನನಗೆ ಅರವತ್ತೆರಡನೆಯ ವಯಸ್ಸಿನಲ್ಲಿ ಆ ಮೆಟ್ಟಿಲ ಮೇಲೆ ತಿಳಿಯಿತು.

ಬಾಗಿಲು ತೆಗೆದು ಅವರು ಅಂಟಿಸಿದ ಲಕೋಟೆ ಕೊಟ್ಟರು. ಹಿಂದೆ ಸಹಿಯ ಜಾಗದಲ್ಲಿ ದಪ್ಪ ದಪ್ಪ ಕನ್ನಡದಲ್ಲಿ ‘ಕಾಶವ್ವ’ ಎಂದು ಇತ್ತು. ಕನ್ನಡದಲ್ಲಿ ಹಾಕಿದರೆ ತಿರಸ್ಕಾರ ಆಗುತ್ತದೆ ಕಾಶವ್ವ ಎಂದೆ. “ಹದಿನಾಲ್ಕ ವರ್ಷ ಆತು, ಹಿಂಗ ಹಾಕತೀನಿ. ಒಮ್ಮಿನೂ ತಿರುಗಿ ಬಂದಿಲ್ಲ. ಸಹಿ ಅಂದ್ರ ಸಹಿ, ಭಾಷಾ ಯಾಕ ಬೇಕು ಅದಕ್ಕ?” ಎಂದರು. ಆಮೇಲೆ ಕಪ್ಪು ಇಸಿದುಕೊಳ್ಳುತ್ತ, “ನಿನ್ನ ಹೇಣ್ತಿದೂ ಆತೇನು?” ಎಂದರು. ಆಯಿತು ಎಂದೆ. “ಛಲೋ ಆತು ಬಿಡು. ಯಾರಿಗಿ ಹಾಕ್ಯಾಳ ಅಂತ ನಾ ಕೇಳಂಗಿಲ್ಲ,” ಎಂದು ಒಳಗೆ ಹೋದರು. ಕಾರಿನಲ್ಲಿ ಕೂತು ಅವರ ಲಕೋಟೆಯ ಹಿಂಬದಿಯನ್ನು ಮತ್ತೆ ತಿರುಗಿಸಿ ನೋಡಿದೆ.

ನಿನ್ನ ಸಹಿ ನೆನಪಾಯಿತು. ಮೈಸೂರಿನಲ್ಲಿ ಮದುವೆ ನೋಂದಾಯಿಸಿದಾಗ ನೀನು ಪುಸ್ತಕದಲ್ಲಿ ಹಾಕಿದ ಸಹಿ. ಬಿಂದುಶ್ರೀ ಎಂದು ಕನ್ನಡದಲ್ಲಿ ಬರೆದು, ಶ್ರೀಯ ದೀರ್ಘವನ್ನು ಉದ್ದಕ್ಕೆ ಎಳೆದು, ಅದರ ಕೆಳಗೆ ಸಣ್ಣ ಗೆರೆ. ಬರೆದು ನನ್ನ ಕಡೆ ಓರೆಗಣ್ಣಲ್ಲಿ ನೋಡಿದ್ದೆ, ಚೆನ್ನಾಗಿದೆಯಾ ಎನ್ನುವ ಹಾಗೆ. ಇಲ್ಲಿಗೆ ಬಂದ ಮೊದಲ ತಿಂಗಳಲ್ಲೇ ನಾನು “ಈ ದೇಶದಲ್ಲಿ ಕನ್ನಡ ಸಹಿ ನಡೆಯಲ್ಲ ಕಣೇ” ಎಂದು ತೀರ್ಪು ಕೊಟ್ಟೆ. ಯಾರನ್ನೂ ಕೇಳಿರಲಿಲ್ಲ. ನಾನೇ ಹಳೆಯ ಲಕೋಟೆಯೊಂದರ ಹಿಂದೆ ನಿನಗೊಂದು ಹೊಸ ಸಹಿ ಮಾಡಿಕೊಟ್ಟೆ. ಇಂಗ್ಲಿಷಿನ ದೊಡ್ಡ ಬಿ, ಅದರ ಮುಂದೆ ಮುನಿರಾಜು. ನಿನಗೆ ಅದು ಸರಾಗವಾಗಿ ಬರಲಿಲ್ಲ, ಬ್ಯಾಂಕಿನಲ್ಲಿ ಒಮ್ಮೆ ಸರಿಹೋಗದೆ ತಕರಾರಾಯಿತು. ಅಲ್ಲಿಂದ ಮುಂದೆ ಎಲ್ಲ ಕಡೆ ನಾನೇ ಹಾಕತೊಡಗಿದೆ. ನಿನ್ನ ಸಹಿ ನಿನಗಿಂತ ನನಗೇ ಚೆನ್ನಾಗಿ ಬರುತ್ತದೆ ಎಂದು ಬಂದವರ ಮುಂದೆಲ್ಲ ತಮಾಷೆ ಮಾಡುತ್ತಿದ್ದೆ. ನೀನೂ ನಗುತ್ತಿದ್ದೆ. ಆ ಸಹಿಯಲ್ಲಿ ನಿನ್ನದು ಎಂದು ಇದ್ದದ್ದು ಒಂದೇ ಅಕ್ಷರ, ಉಳಿದದ್ದೆಲ್ಲ ನನ್ನ ಹೆಸರು. ಇದನ್ನು ನಾನು ಇಷ್ಟು ವರ್ಷ ನೋಡಲೇ ಇಲ್ಲವಲ್ಲ.

ಕಳೆದ ಬುಧವಾರ ಓಕ್ಲ್ಯಾಂಡಿಗೆ ಹೋಗಿ ನಮ್ಮ ನಿಹಾರಿಕಾಳಿಗೆ ಹೇಳಿದೆ. ಆಫೀಸಿನ ಊಟದ ವಿರಾಮದಲ್ಲಿ ಕೆಳಗೆ ಬಂದಿದ್ದಳು. ಏನೋ ಮಿಸ್ಟೇಕ್ ಆಯ್ತಮ್ಮ ಎಂದು ಶುರು ಮಾಡಿದೆ. ಪೂರ್ತಿ ಕೇಳಿ ಅವಳು, “ದಟ್ಸ್ ನಾಟ್ ಅ ಮಿಸ್ಟೇಕ್, ಅಪ್ಪಾ. ಯು ಟುಕ್ ಹರ್ ವೋಟ್,” ಎಂದಳು. ಸ್ಯಾಂಡ್‌ವಿಚ್ಚನ್ನು ಮತ್ತೆ ಕಾಗದದಲ್ಲಿ ಸುತ್ತಿಟ್ಟಳು. ಎಲೆಕ್ಷನ್ ಆಫೀಸಿಗೆ ಹೋಗಬೇಕಾ ಎಂದು ಕೇಳಿದೆ. ಅದಕ್ಕೆ ಕನ್ನಡದಲ್ಲಿ ಉತ್ತರ ಕೊಟ್ಟಳು, ಅಷ್ಟು ಹೊತ್ತಿನಲ್ಲಿ ಅವಳಾಡಿದ ಕನ್ನಡ ಅದೊಂದೇ. “ಮೊದ್ಲು ಅಮ್ಮಂಗೆ ಹೇಳಿ.” ಮನೆಗೆ ಬಂದು ಪಟ್ಟಿಯಲ್ಲಿ ನಮ್ಮ ಮನೆಯ ಎರಡನೆಯ ಗುರುತು ಅಳಿಸಿದೆ. ತಕ್ಷಣ ಗುರುಪ್ರಸಾದನ ಫೋನು, ಇದೇನಣ್ಣ ಒಂದು ಮಾಯ ಎಂದು. ತಪ್ಪಾಗಿ ಬಿದ್ದಿತ್ತು ಎಂದೆ. ನೋಡು, ಮಗಳ ಹತ್ತಿರ ಅಷ್ಟು ಕೇಳಿಸಿಕೊಂಡು ಬಂದರೂ ಮತ್ತೆ ತಪ್ಪಾಗಿ ಎನ್ನುವ ಮಾತೇ ಬಾಯಿಗೆ ಬಂತು. ಇವತ್ತು ಸಂಜೆ ಅವನು ಈ ಪೊಟ್ಟಣ ಒಯ್ಯಲು ಬಂದಾಗ ಅವನಿಗೂ ನಿಜ ಹೇಳುತ್ತೇನೆ.

ಈ ಸಲ ನಿನಗೆ ವೋಟು ಇಲ್ಲ ಬಿಂದೂ. ಒಬ್ಬರ ಹೆಸರಿನಲ್ಲಿ ಒಂದು ಲಕೋಟೆ ಲೆಕ್ಕಕ್ಕೆ ಹೋದ ಮೇಲೆ ಇನ್ನೊಂದು ಕೊಡುವುದಿಲ್ಲವಂತೆ. ನೀನು ಮೊಟ್ಟಮೊದಲ ಸಲ ಬೇಕು ಎಂದು ಕೇಳಿದ ವೋಟು ಅದು. ಒಂದು ವಾರ ಮುಂಚೆ ಟಿಕೆಟ್ ಮಾಡಿಸಿ ಎಂದು ನೀನು ಹೇಳಿದ್ದು ಅದಕ್ಕೇ ಎಂದು ನನಗೆ ಗೊತ್ತಿತ್ತು. ಅಭಿರಾಮ ಗೆದ್ದರೆ ಈಗ ನನಗೆ ಸಂತೋಷವಾಗುವುದಿಲ್ಲ, ಸೋತರೆ ಸಮಾಧಾನವೂ ಆಗುವುದಿಲ್ಲ. ಕ್ಷಮಿಸು ಎಂದು ಬರೆಯುವುದು ಸುಲಭ, ಆದರೆ ಆ ಮಾತು ಬರೆದರೆ ನಿನ್ನ ಪಾಲಿನ ಕೆಲಸವನ್ನೂ ನಾನೇ ಮುಗಿಸಿದ ಹಾಗಾಗುತ್ತದೆ. ನೀನು ಸಿಟ್ಟು ಮಾಡಿಕೋ, ಫೋನ್ ಎತ್ತಬೇಡ, ಟಿಕೆಟ್ಟು ಮುಂದಕ್ಕೆ ಹಾಕಬೇಕೆನಿಸಿದರೆ ಹಾಕು. ಆ ಡೇಕೇರಿನ ಮಾತಿಗೆ ಮಾತ್ರ ಇವತ್ತು ಬೆಳಗ್ಗೆ ಅದೇ ಗ್ರೂಪಿನಲ್ಲಿ, ಎಲ್ಲರೂ ಓದುವಂತೆ, ನಾಚಿಕೆಯಾಗುತ್ತಿದೆ ಎಂದು ಬರೆದಿದ್ದೇನೆ. ಅದನ್ನು ಓದಲು ನೀನು ಅಲ್ಲಿಲ್ಲ.

ಗೌರಮ್ಮನವರಿಗೆ ನನ್ನ ನಮಸ್ಕಾರ ಹೇಳು, ಮಾತ್ರೆಯನ್ನು ಊಟದ ನಂತರವೇ ಕೊಡು. ನಿನ್ನ ಬೆನ್ನಿನ ಮುಲಾಮು ಕೈಚೀಲದಲ್ಲೇ ಇರಲಿ, ವಿಮಾನದಲ್ಲಿ ಬೇಕಾಗುತ್ತದೆ. ಶನಿವಾರ ವಿಮಾನ ನಿಲ್ದಾಣಕ್ಕೆ ಬಂದು ನಿಂತಿರುತ್ತೇನೆ. ಮಾತಾಡದೆ ಕಾರು ಹತ್ತಿದರೂ ಸರಿ.

ಇಂತು ನಿನ್ನ,
ಮುನಿರಾಜು

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ನನ್ನ ಫೋನಿಗೆ ಕೌಂಟಿಯ ಚುನಾವಣಾ ಕಚೇರಿಯಿಂದ ಸಂದೇಶ ಬಂತು. ನಿನ್ನ ಹೆಸರಿಗೆ. ನೋಂದಣಿ ಫಾರಮ್ಮಿನಲ್ಲಿ ನಿನ್ನ ನಂಬರಿನ ಜಾಗದಲ್ಲೂ ನನ್ನದನ್ನೇ ಬರೆದಿದ್ದೆನಲ್ಲ. ಬಿಂದುಶ್ರೀ, ನಿಮ್ಮ ಮತಪತ್ರವನ್ನು ಸ್ವೀಕರಿಸಲಾಗಿದೆ, ಅದು ಎಣಿಕೆಯಾಗುತ್ತದೆ ಎಂದು. ಅವರಲ್ಲಿರುವ ಸಹಿಯ ಜೊತೆ ತಾಳೆ ನೋಡಿಯೇ ಒಪ್ಪಿಕೊಳ್ಳುತ್ತಾರೆ. ತಾಳೆಯಾಯಿತು, ಏಕೆಂದರೆ ಅಲ್ಲಿರುವುದೂ ನನ್ನ ಕೈಯದೇ. ನೀನೇ ಹಾಕಿದ್ದರೆ ನಿನ್ನದಲ್ಲ ಎಂದು ವಾಪಸ್ ಕಳಿಸುತ್ತಿದ್ದರು. ನಾಳೆ ಸೋಮವಾರ ರಜೆ. ಮಂಗಳವಾರ ಬೆಳಗ್ಗೆ ಆ ಕಚೇರಿಗೆ ಹೋಗಿ ನಾನು ಮಾಡಿದ್ದನ್ನೆಲ್ಲ ಹೇಳುತ್ತೇನೆ, ಅವರು ಏನು ಮಾಡುತ್ತಾರೋ ಮಾಡಲಿ. ಈ ಕಾಗದದ ಜೊತೆ ಮತದಾರರ ನೋಂದಣಿಯ ಹೊಸ ಫಾರಮ್ಮು ಇಟ್ಟಿದ್ದೇನೆ, ಲೈಬ್ರರಿಯಿಂದ ತಂದದ್ದು. ನವೆಂಬರಿಗೆ ಆಗುತ್ತದೆ. ಸಹಿ ಕನ್ನಡದಲ್ಲೇ ಹಾಕು. ಅದರಲ್ಲಿ ನಾನು ಏನನ್ನೂ ತುಂಬಿಲ್ಲ, ನಿನ್ನ ಹೆಸರನ್ನು ಕೂಡ.